ಕಡಲೆಕಾಯಿ ಬೀಜ ಬಲಗಡೆಗೇ ಯಾಕೆ ಹೋಯಿತು?

ಪ್ರಶ್ನೆ: ಡಾಕ್ಟ್ರೇ, ನಮ್ಮಕ್ಕನ ಮಗನಿಗೆ ಎರಡು ವರ್ಷ. ಕಡಲೆಕಾಯಿ ಬೀಜ ಬಾಯಲ್ಲಿಟ್ಟುಕೊಂಡು ಓಡುತ್ತಿದ್ದವನು ಒಮ್ಮೆಲೇ ಜೋರಾಗಿ ಕೆಮ್ಮಿದ. ಸ್ವಲ್ಪ ಹೊತ್ತಿಗೆ ಸರಿಹೋದ. ಎರಡು ದಿನ ಬಿಟ್ಟು ಎದೆಯಲ್ಲಿ ಸುಯ್ ಸುಯ್ ಸದ್ದು. ಬಲ ಶ್ವಾಸಕೋಶದಲ್ಲಿ ಬೀಜ ಸಿಕ್ಕಿಕೊಂಡಿತ್ತಂತೆ. ತೆಗೆದರು, ಈಗ ಆರಾಮಾಗಿದ್ದಾನೆ. ಎರಡು ಶ್ವಾಸಕೋಶಗಳೂ ಒಂದೇ ಥರ ಅಲ್ವಾ? ಬಲಗಡೆಗೇ ಯಾಕೆ?

ಉತ್ತರ (ಶ್ವಾಸಕೋಶ ತಜ್ಞ): ಮಗು ಹುಷಾರಾದದ್ದು ಕೇಳಿ ನೆಮ್ಮದಿಯಾಯಿತು. ಎರಡೂ ಒಂದೇ ಥರ ಇಲ್ಲ. ಹೃದಯ ಎಡಕ್ಕೆ ವಾಲಿರುವುದರಿಂದ ಎಡ ಶ್ವಾಸಕೋಶ ಸ್ವಲ್ಪ ಚಿಕ್ಕದು. ಅದರಲ್ಲಿ ಎರಡು ಹಾಲೆ (ಭಾಗ), ಬಲದ್ದರಲ್ಲಿ ಮೂರು.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಕೊಳವೆಗಳಲ್ಲಿ. ಗಂಟಲಿನಿಂದ ಇಳಿಯುವ ಶ್ವಾಸನಾಳ ಎದೆಮೂಳೆಯ ಹಿಂದೆ ಎರಡಾಗಿ ಕವಲೊಡೆಯುತ್ತದೆ. ದೊಡ್ಡವರಲ್ಲಿ ಬಲಗವಲು ಸುಮಾರು 2.5 ಸೆಂ.ಮೀ. ಉದ್ದ. ಅಗಲವೂ ಜಾಸ್ತಿ, ನೆಟ್ಟಗೆ ಕೆಳಗಿಳಿಯುತ್ತದೆ. ಎಡಗವಲು ಹೆಚ್ಚುಕಮ್ಮಿ ಅದರ ಎರಡರಷ್ಟು ಉದ್ದ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕಮಾನಿನ ಕೆಳಗೆ ನುಸುಳಿ ಓರೆಯಾಗಿ ಹೋಗುತ್ತದೆ. ಹಾಗಾಗಿ ಜಾರಿದ ವಸ್ತುವಿಗೆ ಬಲದ ದಾರಿಯೇ ಸಲೀಸು. ಚಿಕ್ಕ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟೊಂದು ಇರುವುದಿಲ್ಲ, ಎಡಕ್ಕೆ ಹೋಗುವುದೂ ಉಂಟು.

ಪ್ರಶ್ನೆ: ಕೆಮ್ಮು ನಿಂತಿತ್ತಲ್ಲ, ಆಮೇಲೆ ಸದ್ದು ಯಾಕೆ ಬಂತು? ಮೊದಲು ಎಕ್ಸ್‌ರೇಯಲ್ಲಿ ಬೀಜ ಕಾಣಿಸಲೇ ಇಲ್ಲ.

ಉತ್ತರ: ಬೀಜ ಒಂದು ಕಡೆ ಕೂತ ಮೇಲೆ ಕೆಮ್ಮು ಕಮ್ಮಿಯಾಗುತ್ತದೆ. ಮನೆಯವರು ಮೋಸ ಹೋಗುವುದು ಇಲ್ಲೇ. ಒಳಗಿನ ತೇವಕ್ಕೆ ಬೀಜ ಉಬ್ಬುತ್ತದೆ, ಅದರ ಎಣ್ಣೆಯಂಶಕ್ಕೆ ಸುತ್ತಲಿನ ಪೊರೆ ಊದಿಕೊಳ್ಳುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಗಾಳಿ ಹಾದಾಗ ಆ ಸದ್ದು. ಉಸಿರೆಳೆದಾಗ ಕೊಳವೆ ತುಸು ಹಿಗ್ಗಿ ಗಾಳಿ ಒಳಗೆ ಹೋಗುತ್ತದೆ. ಬಿಡುವಾಗ ಕುಗ್ಗುತ್ತದೆ, ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಬೀಜ ಎಕ್ಸ್‌ರೇಗೆ ಕಾಣುವುದಿಲ್ಲ. ಆದರೆ ಎಷ್ಟೋ ಸಲ ಗಾಳಿ ತುಂಬಿದ ಆ ಭಾಗ ಪಕ್ಕದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ, ನಾವು ಹುಡುಕುವುದು ಅದನ್ನೇ. ಎಕ್ಸ್‌ರೇ ಪೂರ್ತಿ ಸರಿಯಿದ್ದರೂ ಅನುಮಾನ ಉಳಿದರೆ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮಾಡಲೇಬೇಕು.

ಪ್ರಶ್ನೆ: ಮುಂದೆ ಅವನ ಉಸಿರಾಟಕ್ಕೆ ತೊಂದರೆ ಆಗುತ್ತದಾ?

ಉತ್ತರ: ಬೇಗ ತೆಗೆದಿದ್ದಾರೆ, ಸಾಮಾನ್ಯವಾಗಿ ಆಗುವುದಿಲ್ಲ. ಆ ಕವಲುಗಳು ಇಪ್ಪತ್ತಕ್ಕೂ ಹೆಚ್ಚು ಸಲ ಒಡೆಯುತ್ತಾ ಹೋಗಿ ಕೊನೆಗೆ ಪುಟ್ಟ ಗಾಳಿಗೂಡುಗಳನ್ನು ಮುಟ್ಟುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ದೊಡ್ಡವರಲ್ಲಿ ಇಂಥವು ಸುಮಾರು 30ರಿಂದ 50 ಕೋಟಿ ಇರುತ್ತವೆ. ನಿಮ್ಮ ಹುಡುಗನಿಗೆ ಇನ್ನೂ ಹೊಸ ಗೂಡುಗಳು ಹುಟ್ಟುವ ವಯಸ್ಸು. ಜ್ವರ, ಕೆಮ್ಮು ಮರುಕಳಿಸಿದರೆ ಮಾತ್ರ ತಡಮಾಡದೆ ತೋರಿಸಿ. ನಾಲ್ಕು ವರ್ಷ ತುಂಬುವ ತನಕ ಇಡೀ ಬೀಜ ಕೊಡಬೇಡಿ, ಪುಡಿ ಮಾಡಿ ಕೊಡಿ.