ಸಹಾಯ ಬೇಕು: ಆತ್ಮನಿರ್ಭರ ರೋಜ್‌ಗಾರ್ ಯೋಜನೆಯ ಪಿಎಫ್ ಲೆಕ್ಕ

(ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡರೆ ಅವರ ಪಿಎಫ್ ಅನ್ನು ಸರ್ಕಾರ ಕಟ್ಟುವ ಈ ಯೋಜನೆ ಜಾರಿಯಲ್ಲಿದ್ದ 2021ರಲ್ಲಿ ಕೇಳಿದ ಪ್ರಶ್ನೆ.) ಪೀಣ್ಯದ ಗಾರ್ಮೆಂಟ್ ಘಟಕವೊಂದರ ಲೆಕ್ಕ ಇದು. 2020ರ ಸೆಪ್ಟೆಂಬರ್ ಇಸಿಆರ್‌ನಲ್ಲಿ (ಪಿಎಫ್ ಕಚೇರಿಗೆ ಸಲ್ಲಿಸುವ ತಿಂಗಳ ಪಟ್ಟಿ) 46 ಜನ. ಮೂಲ ಸಂಖ್ಯೆ 50ರೊಳಗಿರುವುದರಿಂದ ಕನಿಷ್ಠ ಇಬ್ಬರು ಹೊಸಬರು ಬೇಕು. ಮೂವರು ಸೇರಿದ್ದಾರೆ, ಎಲ್ಲರ ಸಂಬಳವೂ 15,000ಕ್ಕಿಂತ ಕಡಿಮೆ. ಕೆಲಸಗಾರರ ಮತ್ತು ಮಾಲೀಕರ ಎರಡೂ ಪಾಲು ಸೇರಿ ಶೇ 24ರಷ್ಟನ್ನು 24 ತಿಂಗಳು ಸರ್ಕಾರವೇ ಕಟ್ಟುತ್ತದೆ. ಪಿಎಫ್ ವೇತನ 12,000 ಇದ್ದರೆ ತಲೆಗೆ ತಿಂಗಳಿಗೆ 2,880 ರೂಪಾಯಿ. ಆರ್ಡರ್ ಇಲ್ಲದ ಈ ಕಾಲದಲ್ಲಿ ಕೆಲಸ ಉಳಿಯುವುದೇ ಇಂಥ ದುಡ್ಡಿನಿಂದ.

ಈಗ ಹಳಬರು ಇಬ್ಬರು ಕೆಲಸ ಬಿಟ್ಟು ಒಟ್ಟು 47ಕ್ಕೆ ಇಳಿದಿದೆ, ಬೇಕಾದ 48ಕ್ಕೆ (46+2) ಒಬ್ಬರು ಕಡಿಮೆ. ಮುಂದಿನ ತಿಂಗಳು 48 ಆದರೆ ಸಬ್ಸಿಡಿ ತಾನಾಗಿ ಮುಂದುವರಿಯುತ್ತದೆಯೇ, ಮತ್ತೆ ಅರ್ಜಿ ಹಾಕಬೇಕೇ?

ಇನ್ನೊಂದು: ಹೊಸಬರೊಬ್ಬರ ಇನಿಶಿಯಲ್ ಆಧಾರ್‌ನಲ್ಲಿ ಹೆಸರಿನ ಹಿಂದಿದೆ, ಯುಎಎನ್‌ನಲ್ಲಿ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಮುಂದಿದೆ, ಎರಡರ ಜೋಡಣೆ ಆಗುತ್ತಿಲ್ಲ. ತಿದ್ದುಪಡಿ ಮುಗಿಯುವವರೆಗಿನ ತಿಂಗಳುಗಳ ಹಣ ಆಮೇಲೆ ಸಿಗುತ್ತದೆಯೇ? ಇಂಥ ಕೇಸ್ ಮಾಡಿಸಿದವರು ದಯವಿಟ್ಟು ತಿಳಿಸಿ, ಚಲನ್ ಕಟ್ಟುವ 15ನೇ ತಾರೀಖು ಹತ್ತಿರ ಬಂತು.