ಚಿಕ್ಕಪ್ಪನ ಫಾರ್ವರ್ಡ್, ಅತ್ತೆಯ ಹಾಲು

ರಾಜು ಚಿಕ್ಕಪ್ಪನ ಅಕ್ಕ ಶಾಂತತ್ತೆ ನಕಲಿ ಪೊಲೀಸನ ವಿಡಿಯೊ ಕಾಲ್ ನಂಬಿ ದುಡ್ಡು ಕಳೆದುಕೊಂಡಿದ್ದರು. ಅದಾದ ಮೇಲೆ ಒಂದು ಭಾನುವಾರ ಬೆಳಗ್ಗೆ ನಮ್ಮ ‘ಮನೆಮಂದಿ’ ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆದ ಮಾತುಕತೆ ಇದು. ಗುಡ್ ಮಾರ್ನಿಂಗ್ ಗುಲಾಬಿಗಳನ್ನೂ ಚಿಕ್ಕಮ್ಮ ಹಾಕಿದ ಪಡ್ಡಿನ ಫೋಟೊವನ್ನೂ ಬಿಟ್ಟಿದ್ದೇನೆ.

ರಾಜು ಚಿಕ್ಕಪ್ಪ: (ಫಾರ್ವರ್ಡ್) ‘ನಮ್ಮ ದೇಶದಲ್ಲಿ ಸೈಬರ್ ಕಳ್ಳರಿಗೆ ಕಾನೂನೇ ಇಲ್ಲ!! ಕದ್ದವನು ಹಾಯಾಗಿದ್ದಾನೆ, ಕಳೆದುಕೊಂಡವನು ಅಳುತ್ತಿದ್ದಾನೆ. ಕಠಿಣ ಕಾನೂನು ಬೇಕು ಅನ್ನುವವರು 20 ಜನಕ್ಕೆ ಕಳಿಸಿ.’

ಮಂಜಣ್ಣ: ಚಿಕ್ಕಪ್ಪ, ಕಾನೂನೇ ಇಲ್ಲ ಅನ್ನುವುದು ಸುಳ್ಳು. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆ 2000ದ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಬೆಂಗಳೂರಿನಲ್ಲಿ ಸೈಬರ್ ಠಾಣೆ ಶುರುವಾಗಿದ್ದು 2001ರಲ್ಲಿ. ಆಗಿನ್ನೂ ನೀವು ಲ್ಯಾಂಡ್‌ಲೈನ್‌ಗೆ ಬೀಗ ಹಾಕಿಡುತ್ತಿದ್ದಿರಿ.

ರಾಜು ಚಿಕ್ಕಪ್ಪ: ಇದ್ದು ಏನು ಬಂತು ವಕೀಲರೇ? ಅಕ್ಕನ ದುಡ್ಡು ಬಂತಾ?

ದೀಪು: ಅತ್ತೆ ಸ್ವಲ್ಪ ಹುಷಾರಾಗಿರಬೇಕಿತ್ತು. ಪೊಲೀಸರು ವಿಡಿಯೊ ಕಾಲ್‌ನಲ್ಲೇ ಬಂಧಿಸುವ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ ಅಂತ 2024ರಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಹೇಳಿದ್ದರು. ಕಾಲರ್ ಟ್ಯೂನ್‌ನಲ್ಲೂ ಬರುತ್ತಿತ್ತು ಅಲ್ವಾ?

ಶಾಂತತ್ತೆ: ನಾನೂ ಕೇಳಿದ್ದೆ ಕಣೋ. ಖಾಕಿ ಹಾಕಿಕೊಂಡವನು ಎದುರಿಗೆ ಕೂತು ಗದರುವಾಗ ಕಾಲರ್ ಟ್ಯೂನ್ ನೆನಪಿಗೆ ಬರಲ್ಲ. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಟ್ಟುಕೊಂಡು ಆರು ಗಂಟೆ ಕೂತಿದ್ದೆ. ಹಾಲು ಉಕ್ಕುತ್ತಿತ್ತು. ‘ಸಾರ್, ಸ್ಟವ್ ಆರಿಸಿ ಬರಲಾ’ ಅಂತ ಅವನನ್ನೇ ಕೇಳಿದೆ. ಅವನು ಹ್ಞೂಂ ಅಂದ ಮೇಲೆ ಎದ್ದೆ.

ಆಮೇಲೆ ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ.

ದೀಪು: ಸಾರಿ ಅತ್ತೆ.

ರಾಜು ಚಿಕ್ಕಪ್ಪ: ಇಂಥವರನ್ನು ಗಲ್ಲಿಗೆ ಹಾಕಬೇಕು.

ಮಂಜಣ್ಣ: ಯಾರನ್ನು? ಅತ್ತೆಯ 4 ಲಕ್ಷ 80 ಸಾವಿರ ಮೊದಲು ಹೋಗಿದ್ದು ಒಬ್ಬ ಕಾಲೇಜು ಹುಡುಗನ ಖಾತೆಗೆ. ಕಮಿಷನ್ ಆಸೆಗೆ ಅವನು ಪಾಸ್‌ಬುಕ್, ಸಿಮ್, ಎಟಿಎಂ ಕಾರ್ಡ್ ಮೂರನ್ನೂ ಯಾರಿಗೋ ಕೊಟ್ಟಿದ್ದ. ಅಲ್ಲಿಂದ ಅರ್ಧ ಗಂಟೆಯಲ್ಲಿ ದುಡ್ಡು ಒಂಬತ್ತು ಖಾತೆಗೆ ಹರಿದು ಹಂಚಿಹೋಯಿತು. ಸಿಕ್ಕಿಬಿದ್ದವನು ಆ ಹುಡುಗ ಒಬ್ಬನೇ. ಖಾಕಿಯವನು ಯಾವ ದೇಶದಲ್ಲಿ ಕೂತಿದ್ದನೋ. ಕಾಂಬೋಡಿಯಾ, ಮ್ಯಾನ್ಮಾರ್‌ನಲ್ಲಿ ಇದಕ್ಕಾಗಿಯೇ ಅಡ್ಡೆಗಳಿವೆ.

ನಾನು: ಹಾಗಾದರೆ ಕಾಯ್ದೆಯಲ್ಲಿ ಕೊರತೆಯೇ ಇಲ್ಲವಾ ಮಂಜಣ್ಣ?

ಮಂಜಣ್ಣ: ಇಲ್ಲದೆ ಏನು. ಇನ್ಯಾರದೋ ಸೋಗು ಹಾಕಿ ಆನ್‌ಲೈನ್‌ನಲ್ಲಿ ಮೋಸ ಮಾಡಿದರೆ ಐಟಿ ಕಾಯ್ದೆಯ ಕಲಂ 66ಡಿ. ಹೆಚ್ಚೆಂದರೆ 3 ವರ್ಷ ಜೈಲು, 1 ಲಕ್ಷದವರೆಗೆ ದಂಡ. ಅದೊಂದೇ ಆದರೆ ಜಾಮೀನು ಸಿಗುತ್ತೆ. ಹಳೇ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ ವಂಚನೆ ಕಲಂ ಸೇರಿಸಿದರೆ 7 ವರ್ಷದವರೆಗೂ ಹೋಗಬಹುದು. ಹಾಗಾಗಿ ಶಿಕ್ಷೆ ಇಲ್ಲ ಅನ್ನುವ ಹಾಗಿಲ್ಲ. ನಿಜವಾದ ತೊಡಕು ಬೇರೆ. ಐಟಿ ಕಾಯ್ದೆ ಕೇಸನ್ನು ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಒಂದು ಠಾಣೆಗೆ ಎಷ್ಟು ಜನ ಇನ್‌ಸ್ಪೆಕ್ಟರ್ ಇರುತ್ತಾರೆ ಹೇಳಿ? ಅತ್ತೆ ಕೇಸ್ ವಿಚಾರಿಸಲು ಎರಡು ಸಲ ಹೋದೆ. ಒಂದು ಸಲ ಸಾಹೇಬರು ಜಾತ್ರೆ ಬಂದೋಬಸ್ತಿನಲ್ಲಿದ್ದರು, ಇನ್ನೊಂದು ಸಲ ಕೋರ್ಟಿನಲ್ಲಿ. ಎಸ್‌ಐ ಪಾಪ ಚೆನ್ನಾಗಿ ಮಾತಾಡಿಸಿದರು. ಫೈಲ್ ಮಾತ್ರ ಅವರು ಮುಟ್ಟುವಂತಿರಲಿಲ್ಲ.

ರಾಜು ಚಿಕ್ಕಪ್ಪ: ಅದೂ ಸರಿ ಮಾಡಲಿ, ಶಿಕ್ಷೆಯನ್ನೂ ಜಾಸ್ತಿ ಮಾಡಲಿ. ಭಯ ಇರಬೇಕಪ್ಪ.

ಸುಮಕ್ಕ: ಭಯ ಯಾರಿಗೆ ಚಿಕ್ಕಪ್ಪ? ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ನೆನಪಿದೆಯಾ? 2012ರಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಹುಡುಗಿಯನ್ನು ಪಾಲ್ಘರ್‌ನಲ್ಲಿ ಹಿಡಿದರು. ಸುಮ್ನೆ ಲೈಕ್ ಒತ್ತಿದ ಗೆಳತಿಯನ್ನೂ ಬಿಡಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಅನ್ನೇ ರದ್ದು ಮಾಡಿತು. ಫಿಲಿಪ್ಪೀನ್ಸ್‌ನದು ಇನ್ನೂ ವಿಚಿತ್ರ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಕಂಪ್ಯೂಟರ್ ವೈರಸ್ ಹೊರಟಿದ್ದು ಅಲ್ಲಿಂದ. ಹುಡುಗ ಯಾರು ಅಂತಲೂ ಗೊತ್ತಾಯಿತು. ಆದರೆ ಅದು ಅಪರಾಧ ಅನ್ನುವ ಕಾನೂನೇ ಆಗ ಅಲ್ಲಿರಲಿಲ್ಲ, ಕೇಸ್ ಬಿದ್ದುಹೋಯಿತು. 2012ರಲ್ಲಿ ದೊಡ್ಡ ಸೈಬರ್ ಕಾಯ್ದೆ ತಂದರು. ಅದರಡಿ 2020ರಲ್ಲಿ ಶಿಕ್ಷೆ ಆಗಿದ್ದು ಪತ್ರಕರ್ತೆ ಮರಿಯಾ ರೆಸ್ಸಾಗೆ, ಆಕೆಯ ಸುದ್ದಿತಾಣದ ಒಂದು ವರದಿ ಮಾನಹಾನಿ ಅಂತ! ವರದಿ ಬಂದಿದ್ದು ಕಾಯ್ದೆಗೂ ಮೊದಲು. ಆಮೇಲೆ ಅದರಲ್ಲಿ ಒಂದು ಕಾಗುಣಿತ ತಿದ್ದಿದ್ದನ್ನೇ ಮತ್ತೆ ಪ್ರಕಟಿಸಿದ ಲೆಕ್ಕಕ್ಕೆ ಹಿಡಿದರು. ಮರುವರ್ಷ ಆಕೆಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ರಾಜು ಚಿಕ್ಕಪ್ಪ: ಅದು ಫಿಲಿಪ್ಪೀನ್ಸ್ ಕಥೆ. ಇಲ್ಲಿ ಅಕ್ಕನ ಎಫ್‌ಡಿ ಹೋಗಿದೆ. ಕಳ್ಳರ ಪರ ಮಾತಾಡಬೇಡಿ.

ಸುಮಕ್ಕ: ಕಳ್ಳರ ಪರ ಯಾರು ಮಾತಾಡಿದರು ಚಿಕ್ಕಪ್ಪ?

ನಾನು: ಅತ್ತೆ, ಕೊನೆಗೆ ಎಷ್ಟು ಉಳಿಯಿತು?

ಶಾಂತತ್ತೆ: ಒಂದು ಖಾತೆಯಲ್ಲಿ 62 ಸಾವಿರ ಫ್ರೀಜ್ ಆಗಿದೆ. ಕೋರ್ಟ್ ಆದೇಶ ಆದರೆ ಕೊಡುತ್ತಾರಂತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ನಾನು ಫೋನ್ ಮಾಡಿದ್ದು ಮಾರನೇ ದಿನ ಮಧ್ಯಾಹ್ನ. ರಾತ್ರಿಯೆಲ್ಲ ನಿಮಗೆ ಹೇಳಲೋ ಬೇಡವೋ ಅಂತ ಕೂತಿದ್ದೆ. ಇಷ್ಟು ಓದಿದವಳು ಹೀಗಾ ಮಾಡೋದು ಅಂತೀರಿ ಅಂತ.

ದೀಪು ಇದಕ್ಕೆ ಏನೂ ಬರೆಯಲಿಲ್ಲ. ಹತ್ತೂವರೆಗೆ ನೋಡಿದರೆ ಮೊದಲ ಫಾರ್ವರ್ಡ್ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತಿತ್ತು.

ರಾಜು ಚಿಕ್ಕಪ್ಪ: ಮಂಜು, ಆ ಇನ್‌ಸ್ಪೆಕ್ಟರ್ ಕಲಂ ನಂಬರ್ ಎಷ್ಟು?

ಮಂಜಣ್ಣ: 78. ಯಾಕೆ ಚಿಕ್ಕಪ್ಪ?

ರಾಜು ಚಿಕ್ಕಪ್ಪ: ನಾಲ್ಕು ಸಾಲು ಕನ್ನಡದಲ್ಲಿ ಬರೆದು ಕಳಿಸು. 20 ಜನಕ್ಕೆ ಹಾಕುತ್ತೇನೆ. ಗಲ್ಲಿನ ಮಾತು ನಾನು ಬಿಟ್ಟಿಲ್ಲ, ಅದು ಬೇರೆ.