ಹೊರಗಿನ ಹಾರ್ಡ್ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳುತ್ತಿಲ್ಲ: ಇದು ಸಿಸ್ಟಮ್‌ಡಿ ಕಾಟವೇ?

ಮಳೆಲೆಕ್ಕ, ಮೂಡಿಗೆರೆ:
ತೋಟದ ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 7 ಇತ್ತು. ಕಳೆದ ತಿಂಗಳು ಹಳೆಯ ಡಿಸ್ಕ್ ತೆಗೆದು, ಎಸ್‌ಎಸ್‌ಡಿ ಕೂರಿಸಿ ಡೆಬಿಯನ್ 12 ಹಾಕಿದೆ. ಮಳೆಮಾಪಕದ ಇಂಚು-ಸೆಂಟಿನ ದಾಖಲೆ ಯುಎಸ್‌ಬಿ ಹಾರ್ಡ್ ಡಿಸ್ಕಿನಲ್ಲಿದೆ. ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಸಾಲನ್ನು ಹಳೆಯದರಿಂದ ಹಾಗೆಯೇ ಇಳಿಸಿಕೊಂಡಿದ್ದೆ. ಮೊನ್ನೆ ಆ ಡಿಸ್ಕನ್ನು ಹಾಸನದ ಭಾವನ ಮನೆಗೆ ಕಳುಹಿಸಿದೆ. ಅದೇ ರಾತ್ರಿ ಹೂಮಳೆ, ಕರೆಂಟ್ ಹೋಯಿತು. ಬೆಳಿಗ್ಗೆ ಆನ್ ಮಾಡಿದರೆ ಒಂದೂವರೆ ನಿಮಿಷದ ಎಣಿಕೆ, ಆಮೇಲೆ ದುರಸ್ತಿಗಷ್ಟೇ ತೆರೆಯುವ ‘ಎಮರ್ಜೆನ್ಸಿ ಮೋಡ್’. ಹಿಂದೆ ಡಿಸ್ಕ್ ಇಲ್ಲದಿದ್ದರೂ ಏಳುತ್ತಿತ್ತು.

ಹಳೇಬೇರು, ಹಾಸನ:
ಕಂಪ್ಯೂಟರ್ ಏಳುವಾಗ ಎಲ್ಲ ಕೆಲಸ ಶುರುಮಾಡಿಸುವ ಸಿಸ್ಟಮ್‌ಡಿಯ ದರ್ಬಾರು ಸರ್. ಹಿಂದೆ ಆ ಕೆಲಸಕ್ಕೆ ಸಿಸ್‌ವಿಇನಿಟ್ ಇದ್ದಾಗ ಡಿಸ್ಕ್ ಸಿಗದಿದ್ದರೆ ಒಂದು ಸಾಲು ಗೊಣಗಿ ಮುಂದೆ ಹೋಗುತ್ತಿತ್ತು. ಎಲ್ಲವೂ ಶೆಲ್ ಸ್ಕ್ರಿಪ್ಟು, ಯಾರು ಬೇಕಾದರೂ ತೆರೆದು ಓದಬಹುದಿತ್ತು. 2014ರ ಫೆಬ್ರುವರಿಯಲ್ಲಿ ಡೆಬಿಯನ್ ತಾಂತ್ರಿಕ ಸಮಿತಿಯ ಮತ ಸಮಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಇದು ಮನೆಯೊಳಗೆ ಬಂತು. ಒಪ್ಪದವರು ಅದೇ ನವೆಂಬರಿನಲ್ಲಿ ಪಾಲು ತೆಗೆದುಕೊಂಡು ಸಿಸ್ಟಮ್‌ಡಿ ಇಲ್ಲದ ಡೆವುವಾನ್ ಕಟ್ಟಲು ಹೊರಟರು. ಅದನ್ನು ಹಾಕಿಕೊಳ್ಳಿ.

ಗಿರಿಯಂಚು, ಚಿಕ್ಕಮಗಳೂರು:
ಪಾಲಿನ ಪಂಚಾಯಿತಿ ಆಮೇಲೆ ಮಾಡೋಣ, ಮೊದಲು ಕಂಪ್ಯೂಟರ್ ಏಳಲಿ. ಎಮರ್ಜೆನ್ಸಿ ಮೋಡ್‌ನಲ್ಲಿ ರೂಟ್ (ಯಂತ್ರದ ಯಜಮಾನ ಖಾತೆ) ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟಿದ್ದರೆ ಒಳಗೆ ಬಿಡುವುದಿಲ್ಲ. ಆಗ ಲೈವ್ ಯುಎಸ್‌ಬಿಯಿಂದ (ತನ್ನೊಳಗಿಂದಲೇ ಲಿನಕ್ಸ್ ನಡೆಸುವ ಪೆನ್‌ಡ್ರೈವ್) ಬೂಟ್ ಮಾಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಡಿಸ್ಕಿನ ಸಾಲಿನ ನಾಲ್ಕನೆಯ ಅಂಕಣಕ್ಕೆ, ‘ಡಿಫಾಲ್ಟ್ಸ್’ ಆದ ಮೇಲೆ ಅಲ್ಪವಿರಾಮ ಹಾಕಿ, ಜಾಗ ಬಿಡದೆ ‘ನೋಫೇಲ್’ ಸೇರಿಸಿ. ಇಷ್ಟೇ.

ಆ ಪದ ಇಲ್ಲದ ಸಾಲನ್ನು ಸಿಸ್ಟಮ್‌ಡಿ ಬೂಟಿಗೆ ಬೇಕೇ ಬೇಕಾದದ್ದೆಂದು ಎಣಿಸುತ್ತದೆ. 90 ಸೆಕೆಂಡು ಕಾದು ಕೈಚೆಲ್ಲುತ್ತದೆ. ಡೆಬಿಯನ್ 8ರ ಬಿಡುಗಡೆ ಟಿಪ್ಪಣಿಯಲ್ಲಿ ಈ ಎಚ್ಚರಿಕೆ ಇತ್ತು. ನೀವು 7ರಿಂದ ನೇರವಾಗಿ 12ಕ್ಕೆ ಹಾರಿದಿರಿ.

ಈಗ ಒಂದು ಪ್ರಶ್ನೆ. ಹಿಂದೆ ಡಿಸ್ಕ್ ಇಲ್ಲದೆ ಎದ್ದಾಗ ನಿಮ್ಮ ಮಳೆ ಪ್ರೋಗ್ರಾಂ ಎಲ್ಲಿಗೆ ಬರೆಯುತ್ತಿತ್ತು? ಅದೇ ಹೆಸರಿನ ಖಾಲಿ ಫೋಲ್ಡರಿಗೆ, ಒಳಗಿನ ಡಿಸ್ಕಿನ ಮೇಲೆ. ಯುಎಸ್‌ಬಿ ಡಿಸ್ಕ್ ಮರಳಿ ಮೌಂಟ್ ಆದೊಡನೆ, ಎಂದರೆ ಆ ಫೋಲ್ಡರಿಗೆ ಜೋಡಣೆಯಾದೊಡನೆ, ಆ ಬರಹ ಅದರಡಿ ಮುಚ್ಚಿಹೋಗುತ್ತದೆ. ಅಳಿಯುವುದಿಲ್ಲ, ಕಾಣುವುದಿಲ್ಲ. ನೋಫೇಲ್ ಹಾಕಿದ ಮೇಲೂ ಇದೇ ಗತಿ. ಆದ್ದರಿಂದ ಮಳೆಯನ್ನು ಎಸ್‌ಎಸ್‌ಡಿಗೇ ಬರೆಸಿ, ರಾತ್ರಿ ಯುಎಸ್‌ಬಿಗೆ ನಕಲು ಮಾಡಿಸಿ. ಆ ನಕಲಿನ ಕೆಲಸವನ್ನು ಸಿಸ್ಟಮ್‌ಡಿಗೆ ಹೇಳುವ ಸರ್ವಿಸ್ ಕಡತದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂದು ಬರೆದು ಡಿಸ್ಕಿನ ಫೋಲ್ಡರನ್ನು ಹೆಸರಿಸಿ. ಡಿಸ್ಕ್ ಇಲ್ಲದ ದಿನ ಆ ಕೆಲಸವೊಂದೇ ನಿಲ್ಲುತ್ತದೆ.

ಹಳೇಬೇರು, ಹಾಸನ:
ಮುಚ್ಚಿಹೋಗುವುದು ನಿಜ, ಒಪ್ಪಿದೆ. ಆದರೆ ಕಣಜದ ಬೀಗದ ಕೈ ಸಿಗಲಿಲ್ಲವೆಂದು ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸುವುದು ಯಾವ ನ್ಯಾಯ? ನನ್ನ ಯಂತ್ರದಲ್ಲಿ ಡೆವುವಾನ್ ಇರುತ್ತದೆ.

ಗಿರಿಯಂಚು, ಚಿಕ್ಕಮಗಳೂರು:
ಇರಲಿ ಸರ್. ಡೀಫಾಲ್ಟ್ ಸ್ವಲ್ಪ ಬಿರುಸೇ. ಆದರೂ ಅಂಕಿ ಕಾಣೆಯಾಗಿ ಮೂರು ವರ್ಷದ ನಂತರ ತಿಳಿಯುವುದಕ್ಕಿಂತ ಬೆಳಿಗ್ಗೆಯೇ ಕಿರುಚುವ ಯಂತ್ರ ನನಗೆ ಇಷ್ಟ.

ಮಳೆಲೆಕ್ಕ, ಮೂಡಿಗೆರೆ:
ನೋಫೇಲ್ ಹಾಕಿದೆ, ಎದ್ದಿತು. ಇಬ್ಬರಿಗೂ ಧನ್ಯವಾದ. ಗಿರಿಯಂಚು ಅವರ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು, ಅಟ್ಟದಿಂದ ಹಳೆಯ ಡಿಸ್ಕ್ ಇಳಿಸಿ ಜೋಡಿಸಿ ನೋಡಿದೆ. ಆ ಫೋಲ್ಡರಿನಲ್ಲಿ ಒಂದು ಜುಲೈನ ಹನ್ನೊಂದು ದಿನದ ಮಳೆ ಪೂರ್ತಿ ಇದೆ. ಮಾಪಕದ ಕೊಳವೆಯ ಕಸ ತೆಗೆದಿಲ್ಲವೆಂದು ಆಗ ನಮ್ಮ ತೋಟದ ಲೆಕ್ಕ ಬರೆಯುವ ರೈಟರನ್ನು ಆಳುಗಳ ಮುಂದೆಯೇ ಬೈದಿದ್ದೆ. ಅವರು ನಾಳೆ ಬಟವಾಡೆಗೆ ಬರುತ್ತಾರೆ.